ಹಕ್ಕಿಯೂ ಗುಡಿಯೂ

‘ಶಕುನ’ ಎಂಬ ಸಂಸ್ಕೃತ ಶಬ್ದಕ್ಕೆ ಹಕ್ಕಿ ಎಂಬ ಅರ್ಥವೂ ಉಂಟು. ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿಯೂ ಶಕುನವನ್ನು ಸೂಚಿಸುವ ‘ಆಸ್ಪಿಕಿಯಮ್’ ಎಂಬ ಪದ ‘ಹಕ್ಕಿ’, ‘ನೋಡು’ ಎಂಬೆರಡು ಮಾತುಗಳ ಕೂಡಿಕೆಯಿಂದ ಹುಟ್ಟಿದೆ. ಮದುವೆಗಾಗಲಿ, ಚುನಾವಣೆಗಾಗಲಿ, ಯುದ್ಧಕ್ಕಾಗಲಿ ರೋಮನರು ದೇವತೆಗಳ ಒಪ್ಪಿಗೆಯನ್ನು ಮೊದಲು ಹಕ್ಕಿಗಳ ಮೂಲಕ ಕೇಳುತ್ತಿದ್ದರು.

‘ಟೆಂಪ್ಲಮ್’ ಎಂದರೆ ಅವರಿಗೆ ಮೂಲತಃ ಕಲ್ಲಿನ ಕಟ್ಟಡವಲ್ಲ. ‘ಆಗರ್’ ಎಂಬ ಶಕುನಜ್ಞ ತುದಿ ಬಾಗಿದ ಕೋಲನ್ನು ಹಿಡಿದು ಆಕಾಶದಲ್ಲಿಯೂ ನೆಲದ ಮೇಲೆಯೂ ಎಲ್ಲೆ ಗೊತ್ತುಮಾಡಿದ ಕ್ಷೇತ್ರವೇ ಟೆಂಪ್ಲಮ್. ಅದರೊಳಗೆ ಹದ್ದು ಯಾವ ಕಡೆಯಿಂದ ಹಾರಿತು, ಕಾಗೆ ಎತ್ತಣಿಂದ ಕೂಗಿತು ಎಂಬುದನ್ನು ಅವನು ಗಮನಿಸುವನು. ಸೆನೆಟ್ ಸಭೆ ಕೂಡ ಇಂಥ ಕ್ಷೇತ್ರದಲ್ಲಿಯೇ ಸೇರಬೇಕೆಂಬುದು ಕಟ್ಟಳೆ.

ದಂಡಯಾತ್ರೆಯಲ್ಲಿ ಆಕಾಶವನ್ನು ನೋಡುತ್ತ ಕುಳಿತಿರಲು ವ್ಯವಧಾನವೆಲ್ಲಿ? ಆದುದರಿಂದ ಸೈನ್ಯದೊಡನೆ ಪಂಜರದಲ್ಲಿ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಅವು ಕಾಳನ್ನು ಆತುರದಿಂದ ತಿಂದು ಕೊಕ್ಕಿನಿಂದ ಕೆಳಗೆ ಉದುರಿಸಿದರೆ ಶುಭ; ಮುಟ್ಟದಿದ್ದರೆ ಅಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನದ ಬಳಿ ಕಾರ್ತೇಜಿನ ನೌಕಾಪಡೆಯನ್ನು ಎದುರಿಸಲು ಹೊರಟ ಕಾನ್ಸಲ್ ಪುಬ್ಲಿಯಸ್ ಕ್ಲಾಡಿಯಸ್ ಪುಲ್ಕರ್‌ನ ಕೋಳಿಗಳು ಕಾಳನ್ನು ಮುಟ್ಟಲಿಲ್ಲ. ತಿನ್ನದಿದ್ದರೆ ನೀರನ್ನಾದರೂ ಕುಡಿಯಲೆಂದು ಅವನು ಅವುಗಳನ್ನು ಕಡಲಿಗೆ ಎಸೆಯಿಸಿದನೆಂದು ಪ್ರತೀತಿ. ಅಂದು 93 ರೋಮನ್ ಹಡಗುಗಳು ಶತ್ರುವಿನ ವಶವಾದವು. ಸೋಲಿಗೆ ಕಾರಣ ಕೋಳಿಗಳಲ್ಲ, ಹಡಗುಗಳು ಬಂದರಿನ ಬಾಯಲ್ಲಿ ಒಂದಕ್ಕೊಂದು ತಗುಲಿ ಸಿಕ್ಕಿಕೊಂಡದ್ದು. ಆದರೆ ಜನರ ಕಣ್ಣಿಗೆ ಕಂಡದ್ದು ದೈವದ್ರೋಹ. ಅವನು ವಿಚಾರಣೆಗೆ ಗುರಿಯಾಗಿ ದಂಡ ತೆತ್ತನು.

ಈ ಪದ್ಧತಿಯನ್ನು ಸಂದೇಹಿಸಿದವರು ರೋಮಿನಲ್ಲಿಯೇ ಇದ್ದರು. ಸ್ವತಃ ಆಗರ್ ಆಗಿದ್ದ ಕಿಕೆರೋ, ಪಂಜರದಲ್ಲಿ ಹಸಿದ ಕೋಳಿ ಕಾಳು ತಿನ್ನುವುದರಲ್ಲಿ ದೈವಪ್ರೇರಣೆ ಏನಿದೆ ಎಂದು ಕ್ರಿ.ಪೂ. 44ರಲ್ಲಿ ಬರೆದ ಗ್ರಂಥದಲ್ಲಿ ಆಕ್ಷೇಪಿಸಿದ್ದಾನೆ. ಆದರೂ ರಾಜ್ಯದ ಹಿತಕ್ಕಾಗಿ ಆಚಾರ ಉಳಿಯಲಿ ಎಂಬುದು ಅವನ ನಿಲುವು. ಜಾಣನ ಮಾತು, ಆದರೆ ಇಂಥ ಜಾಣತನಕ್ಕೆ ಇನ್ನೊಂದು ಮುಖವೂ ಇತ್ತು. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರನ ಸಹ-ಕಾನ್ಸಲ್ ಬಿಬುಲಸ್, ಸೀಸರನ ಶಾಸನಗಳನ್ನು ತಡೆಯುವುದಕ್ಕಾಗಿಯೇ, ತಾನು ಆಕಾಶದಲ್ಲಿ ಶಕುನ ನೋಡುತ್ತಿರುವೆನೆಂದು ಮನೆಯಿಂದಲೇ ಹೇಳಿಕಳುಹಿಸುತ್ತಿದ್ದನು!

ಇವೆಲ್ಲಕ್ಕಿಂತ ಜನಪ್ರಿಯವಾದುದು ಬಾತುಗಳ ಕಥೆ. ರೋಮನರ ಐತಿಹ್ಯದಂತೆ, ಕ್ರಿ.ಪೂ. 390ರಲ್ಲಿ ಗಾಲ್ ಜನರು ನಗರವನ್ನು ಹಿಡಿದು ಕ್ಯಾಪಿಟೋಲ್ ಬೆಟ್ಟವನ್ನು ಮುತ್ತಿದರು. ಮೇಲಿದ್ದವರಿಗೆ ಅನ್ನಕ್ಕೆ ತತ್ವಾರ. ಆದರೂ ಜೂನೋ ದೇವಿಗೆ ಮೀಸಲಾದ ಹೆಬ್ಬಾತುಗಳನ್ನು ಅವರು ಕೊಲ್ಲಲಿಲ್ಲ. ಒಂದು ರಾತ್ರಿ ಶತ್ರುಗಳು ಸದ್ದಿಲ್ಲದೆ ಬಂಡೆಯನ್ನೇರಿದಾಗ ನಾಯಿಗಳು ಬೊಗಳಲಿಲ್ಲ, ಬಾತುಗಳು ಕಿರಿಚಿ, ರೆಕ್ಕೆ ಬಡಿದು ಮಾರ್ಕಸ್ ಮಾನ್ಲಿಯಸನನ್ನು ಎಬ್ಬಿಸಿದವು, ಕೋಟೆ ಉಳಿಯಿತು. ಮುಂದೆ ಸೆನ್ಸಾರ್ ಎಂಬ ಅಧಿಕಾರಿಗಳು ಅಧಿಕಾರಕ್ಕೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸಗಳಲ್ಲಿ ಒಂದು, ಆ ಬಾತುಗಳ ಮೇವಿಗೆ ಸರ್ಕಾರದ ಖರ್ಚಿನಲ್ಲಿ ಗುತ್ತಿಗೆ ಕೊಡುವುದು.