ಖಂಡನೆ ಸಿಕ್ಕಿತು, ಸೇನೆ ಬರಲಿಲ್ಲ

1939ರ ನವೆಂಬರ್ 30. ಯುದ್ಧ ಘೋಷಿಸದೆಯೇ ಸೋವಿಯತ್ ಒಕ್ಕೂಟ ಫಿನ್‌ಲ್ಯಾಂಡ್ ಮೇಲೆ ನುಗ್ಗಿತು. ಅಂದೇ ಹೆಲ್ಸಿಂಕಿ ಮೇಲೆ ಬಾಂಬ್ ಬಿತ್ತು.

ನೆಪ ಏನು ಗೊತ್ತಾ? ಗಡಿಯ ಮೈನಿಲಾ ಹಳ್ಳಿಗೆ ಫಿನ್ನರು ಶೆಲ್ ಹೊಡೆದರು ಅನ್ನೋದು. ಅದು ಸೋವಿಯತ್ತರೇ ಹೂಡಿದ ನಾಟಕ ಅಂತಾರೆ ಬಹುತೇಕ ಇತಿಹಾಸಕಾರರು. ಸ್ಟಾಲಿನ್ ಕಣ್ಣಿದ್ದದ್ದು ಲೆನಿನ್‌ಗ್ರಾಡ್ ಪಕ್ಕದ ನೆಲದ ಮೇಲೆ. ಗಡಿ ಆ ನಗರದಿಂದ ಸುಮಾರು 32 ಕಿಲೋಮೀಟರ್ ದೂರ ಅಷ್ಟೆ.

ಜಗತ್ತು ಏನು ಮಾಡಿತು? ಡಿಸೆಂಬರ್ 14ರಂದು ಲೀಗ್ ಆಫ್ ನೇಷನ್ಸ್ ಸೋವಿಯತ್ ಒಕ್ಕೂಟವನ್ನು ಹೊರಹಾಕಿತು. ಸರಿಯಾದ ನಿರ್ಧಾರವೇ. ಆದರೆ ಫಿನ್ನರಿಗೆ ಬೇಕಿದ್ದದ್ದು ಫಿರಂಗಿ, ಸೈನಿಕರು. ಸ್ವೀಡನ್ನಿನಿಂದ ಸಾವಿರಾರು ಸ್ವಯಂಸೇವಕರು ಬಂದರು, ನಿಜ. ಬ್ರಿಟನ್, ಫ್ರಾನ್ಸ್ ಸೇನೆ ಕಳಿಸ್ತೀವಿ ಅಂದವು; ನಾರ್ವೆ, ಸ್ವೀಡನ್ ದಾರಿ ಬಿಡಲಿಲ್ಲ. ಆ ನೆರವಿನ ಹಿಂದೆ ಸ್ವೀಡನ್ನಿನ ಕಬ್ಬಿಣದ ಅದಿರಿನ ಆಸೆಯೂ ಇತ್ತು, ಅದನ್ನೂ ಹೇಳಲೇಬೇಕು.

ಆದರೂ ಹಿಮದ ಕಾಡಿನಲ್ಲಿ ಸ್ಕೀ ಮೇಲೆ ಬಂದ ಫಿನ್ನರ ಸಣ್ಣ ತುಕಡಿಗಳು ಸೋವಿಯತ್ ದಂಡನ್ನು ತುಂಡು ತುಂಡಾಗಿ ಕತ್ತರಿಸಿ ಹೊಡೆದವು. 105 ದಿನ ಆ ಪುಟ್ಟ ದೇಶ ಎದೆಗೊಟ್ಟು ನಿಂತಿತು!

1940ರ ಮಾರ್ಚ್‌ನಲ್ಲಿ ಒಪ್ಪಂದ. ಸ್ವಾತಂತ್ರ್ಯ ಉಳಿಯಿತು; ಆದರೆ ವೀಪುರಿ ನಗರ, ಕರೇಲಿಯಾದ ದೊಡ್ಡ ಭಾಗ ಕೈತಪ್ಪಿದವು. 4 ಲಕ್ಷಕ್ಕೂ ಹೆಚ್ಚು ಜನ ಊರು ತೊರೆದರು. ಅವರಿಗೆಲ್ಲ ಮನೆ, ಹೊಲ ಹುಡುಕಿಕೊಡೋ ಹೊಣೆ ಫಿನ್‌ಲ್ಯಾಂಡ್ ತಲೆ ಮೇಲೇ ಬಿತ್ತು.