ದಾರಿ ತೋರುವ ಯಂತ್ರವೂ ದಾರಿ ಬಲ್ಲ ಮನುಷ್ಯನೂ

ಪರನಾಡಿಗೆ ಬಂದವನು ಮೊಟ್ಟಮೊದಲು ಕಲಿಯಬೇಕಾದ ವಿದ್ಯೆಯೆಂದರೆ ದಾರಿ ಕೇಳುವುದು. ಹೊಟ್ಟೆಯ ಪಾಡಿಗಾಗಿ ಕನ್ನಡನಾಡನ್ನು ಬಿಟ್ಟು ಗುಜರಾತಿಗೆ ಬಂದ ನಮ್ಮ ಹಿರಿಯರು ಅಹಮದಾಬಾದಿನ ಕಾಲೂಪುರ ನಿಲ್ದಾಣದಲ್ಲಿ ಇಳಿದಾಗ ಅವರ ಬಳಿ ಇದ್ದುದು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಜೇಬಿನಲ್ಲಿ ಮಡಿಸಿಟ್ಟ ಒಂದು ವಿಳಾಸದ ಚೀಟಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನೇ ನೆಚ್ಚಿಕೊಂಡು ಅವರು ಮುರುಕು ಹಿಂದಿಯಲ್ಲಿ ಕೇಳಿದರು. ಎದುರಿನವರು ಗುಜರಾತಿಯಲ್ಲಿ ಉತ್ತರ ಕೊಟ್ಟರು. ‘ಡಾಬಿ ಬಾಜು’ ಎಂದರೆ ಎಡಕ್ಕೆ, ‘ಜಮಣಿ ಬಾಜು’ ಎಂದರೆ ಬಲಕ್ಕೆ ಎಂಬ ಪಾಠವನ್ನು ಅವರಲ್ಲಿ ಎಷ್ಟೋ ಜನ ತಪ್ಪು ಗಲ್ಲಿಗಳನ್ನು ಸುತ್ತಿಯೇ ಕಲಿತರು. ಹಿರಿಯರ ಬಾಯಲ್ಲಿ ಇಂದಿಗೂ ಬರೋಡೆಯೇ ಆಗಿರುವ ವಡೋದರಾದಲ್ಲಿ, ಮಾಂಡವಿಯಿಂದ ಲಹರಿಪುರಾ ದ್ವಾರದ ಕಡೆಗೋ ಪಾಣಿಗೇಟಿನ ಕಡೆಗೋ ಎಂಬುದು ತಿಳಿದರೆ ಹಳೆಯ ಊರು ಅರ್ಧ ತಿಳಿದಂತೆಯೇ ಇತ್ತು.

ಇಂದು ಆ ತೊಂದರೆ ಯಾರಿಗೂ ಇಲ್ಲ. ಅಂಗೈಯಗಲದ ಮೊಬೈಲಿಗೆ ಊರಿನ ಹೆಸರನ್ನು ಹೇಳಿದರೆ ಸಾಕು, ಜಿ.ಪಿ.ಎಸ್. ನೆರವಿನಿಂದ ಅದು ಮನೆಯ ಬಾಗಿಲಿನವರೆಗೂ ನಮ್ಮನ್ನು ಕೈಹಿಡಿದು ಕರೆದೊಯ್ಯುತ್ತದೆ. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಕಳೆದ ಒಂದು ಮಳೆಗಾಲದಲ್ಲಿ ನಾವು ಸಕುಟುಂಬರಾಗಿ ಕೈಗೊಂಡ ಒಂದು ಪ್ರಯಾಣವು ಈ ಉಪಕಾರದ ಮೇರೆ ಎಲ್ಲಿಯವರೆಗೆ ಎಂಬುದನ್ನು ನಮಗೆ ಮನಗಾಣಿಸಿತು. ಅದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಅಹಮದಾಬಾದಿನಲ್ಲಿ ಬಂಧುಗಳ ಮನೆಯ ಗೃಹಪ್ರವೇಶಕ್ಕಾಗಿ ನಾವು ಸೂರತ್ತಿನಿಂದ ಬೆಳಗಿನ ಜಾವ ಹೊರಟೆವು. ಮೋಟಾರಿನಲ್ಲಿ ವೃದ್ಧರಾದ ನಮ್ಮ ತಾಯಿಯವರೂ ಇಬ್ಬರು ಮಕ್ಕಳೂ ಇದ್ದರು. ಯಂತ್ರವನ್ನು ನೋಡಿಕೊಳ್ಳುವ ಅಧಿಕಾರವನ್ನು ಹಿರಿಯ ಮಗ ವಹಿಸಿಕೊಂಡಿದ್ದ. ಸೂರತ್ತು ಮೇಲ್ಸೇತುವೆಗಳ ಊರು. ನಾವು ಸೇತುವೆಯ ಮೇಲೆ ಸಾಗುತ್ತಿದ್ದಾಗ ಯಂತ್ರವು ನಮ್ಮನ್ನು ಕೆಳಗಿನ ರಸ್ತೆಯಲ್ಲಿದ್ದೇವೆಂದು ತಿಳಿದು ಬಲಕ್ಕೆ ತಿರುಗಲು ಹೇಳಿತು. ಮಕ್ಕಳು ನಕ್ಕರು, ನಾವೂ ನಕ್ಕೆವು. ಭರೂಚಿನಲ್ಲಿ ನರ್ಮದೆಯನ್ನು ದಾಟುವಾಗ, 2017ರಲ್ಲಿ ತೆರೆದ ಹೊಸ ಸೇತುವೆಯ ಮೇಲಿಂದ, ತಾಯಿಯವರು ನದಿಗೆ ಕೈಮುಗಿದರು. ಇದೇ ನದಿಗೆ 1881ರಲ್ಲಿ ಗೋಲ್ಡನ್ ಬ್ರಿಜ್ ಕಟ್ಟಿದ ಕಥೆಯನ್ನು ನಾವು ಮಕ್ಕಳಿಗೆ ಹೇಳತೊಡಗಿದೆವು. ಯಂತ್ರ ಮಾತ್ರ ನದಿಯನ್ನು ಗಣನೆಗೆ ತಾರದೆ ‘ನೇರವಾಗಿ ಮುಂದುವರಿಯಿರಿ’ ಎಂದಿತು.

ಕರ್ಜಣವನ್ನು ದಾಟಿದ ಮೇಲೆ ಅದರ ಧ್ವನಿ ಮತ್ತೆ ಎದ್ದಿತು. ಮುಂದೆ ವಡೋದರಾದ ಹೊರಗೆ ಜಂಬುವಾ ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿ ನಿಂತಿವೆ, ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗಿದರೆ 18 ನಿಮಿಷ ಉಳಿಯುತ್ತದೆ ಎಂದು ಅದರ ಸೂಚನೆ. ಮುಹೂರ್ತದ ಆತುರದಲ್ಲಿದ್ದ ನಾವು ತಿರುಗಿದೆವು. ರಸ್ತೆ ಹತ್ತಿಯ ಹೊಲಗಳ ನಡುವೆ ಕಿರಿದಾಗುತ್ತ ಹೋಯಿತು. ಮಳೆ ಬಿದ್ದೂ ಬಿದ್ದೂ ಅಂಚುಗಳು ಕುಸಿದಿದ್ದವು. ಆಗ ಹಿಂದಿನ ಪೀಠದಿಂದ ತಾಯಿಯವರು, “ಅಲ್ಲಪ್ಪಾ, ಆ ಹೆಂಗಸು ಇಷ್ಟು ಹೊತ್ತಿನಿಂದ ಹೇಳುತ್ತಲೇ ಇದ್ದಾಳೆ, ಅವಳು ಯಾರನ್ನು ಕೇಳಿಕೊಂಡು ಹೇಳುತ್ತಾಳೆ?” ಎಂದು ಕೇಳಿದರು. “ಆಕಾಶವನ್ನು ಕೇಳುತ್ತಾಳೆ, ಅಜ್ಜಿ” ಎಂದ ಮೊಮ್ಮಗ.

ಐದು ನಿಮಿಷ ಕಳೆದಿರಲಿಲ್ಲ. ರಸ್ತೆ ಇಳಿಜಾರಾಗಿ ಒಂದು ಹಳ್ಳದ ತಗ್ಗುಸೇತುವೆಗೆ ಇಳಿಯುವಲ್ಲಿ, ಎಮ್ಮೆಗಳನ್ನು ಹೊಡೆದುಕೊಂಡು ಹಿಂದಿರುಗುತ್ತಿದ್ದ ಮುದುಕನೊಬ್ಬ ಕೋಲನ್ನು ಅಡ್ಡ ಹಿಡಿದು ನಿಂತ. “ಭಾಯಿ, ಆಗಳ್ ಪಾಣಿ ಛೇ. ಪಾಛಾ ವಳೋ” ಎಂದ. ಮುಂದೆ ನೀರಿದೆ, ಹಿಂದಕ್ಕೆ ತಿರುಗಿ ಎಂದರ್ಥ. ನಾವು ಇಳಿದು ನೋಡಿದೆವು. ಸೇತುವೆಯ ಮೇಲೆ ಕಂದುನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅಂಚು ಎಲ್ಲಿ, ಹಳ್ಳ ಎಲ್ಲಿ ಎಂಬುದು ಕಾಣುತ್ತಿರಲಿಲ್ಲ. ಆಳ ಹೆಚ್ಚಿರಲಾರದೆಂದು ನಮಗೆ ತೋರಿತು. ನಮ್ಮ ಅನುಮಾನವನ್ನು ಮುಖದಲ್ಲಿಯೇ ಓದಿದ ಆತ, ತನ್ನ ಎಮ್ಮೆಗಳೇ ಅದರಲ್ಲಿ ಇಳಿಯಲೊಲ್ಲವೆಂದು ಹೇಳಿ ನಕ್ಕ. ಆ ಮಾತಿನ ಮೇಲೆ ವಾದವಿರಲಿಲ್ಲ. ಮೋಟಾರಿನೊಳಗೆ ಯಂತ್ರ ಇನ್ನೂ ‘ನೇರವಾಗಿ ಮುಂದುವರಿಯಿರಿ’ ಎನ್ನುತ್ತಲೇ ಇತ್ತು. 18 ನಿಮಿಷದ ಆಸೆಗೆ ಒಂದೂಕಾಲು ಗಂಟೆ ತೆತ್ತು ನಾವು ಹೆದ್ದಾರಿಗೆ ಮರಳಿದೆವು. ಮುಹೂರ್ತ ತಪ್ಪಿತು, ಆದರೆ ನಾವೆಲ್ಲರೂ ಊಟಕ್ಕೆ ಕುಳಿತೆವು. ಒಂದಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿಯ ನೀರು ಬಹುಪಾಲು ವಾಹನಗಳನ್ನು ಎಳೆದೊಯ್ಯಬಲ್ಲದು ಎಂಬುದನ್ನು ಬಲ್ಲವರಿಗೆ, ಆ ಊಟದ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಾಯಿಯವರ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಅವಳು ಯಾರನ್ನು ಕೇಳಿಕೊಂಡು ಹೇಳುತ್ತಾಳೆ? ವಿಚಾರಿಸಿ ನೋಡಿದರೆ ಆ ಒಂದು ಧ್ವನಿಯಲ್ಲಿ ಮೂರು ಬೇರೆ ಬೇರೆ ತಿಳಿವಳಿಕೆಗಳು ಸೇರಿಕೊಂಡಿವೆ.

ಮೊದಲನೆಯದು, ನಾವು ಎಲ್ಲಿದ್ದೇವೆ ಎಂಬುದು. ಇದು ನಿಜವಾಗಿಯೂ ಆಕಾಶದಿಂದ ಬರುತ್ತದೆ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ತಾನೆಲ್ಲಿದ್ದೇನೆ, ಆಗ ಎಷ್ಟು ಹೊತ್ತು ಎಂಬುದನ್ನು ಪ್ರತಿಯೊಂದು ಉಪಗ್ರಹವೂ ಎಡೆಬಿಡದೆ ಸಾರುತ್ತದೆ. ಆ ಸಂಕೇತ ತಲುಪಲು ತಗಲಿದ ಕಾಲದಿಂದ ನಮ್ಮ ಯಂತ್ರವು ದೂರವನ್ನು ಲೆಕ್ಕ ಹಾಕುತ್ತದೆ. ಏಕಕಾಲಕ್ಕೆ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಸ್ಥಳ ಗೊತ್ತಾಗುತ್ತದೆ. ಗಡಿಯಾರವು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಿದರೂ ದೂರದಲ್ಲಿ 300 ಮೀಟರಿನ ವ್ಯತ್ಯಾಸವಾಗುತ್ತದೆ. ಅಮೆರಿಕದ ಸೇನೆಗಾಗಿ ಹುಟ್ಟಿ 1995ರಲ್ಲಿ ಪೂರ್ಣಗೊಂಡ ಈ ವ್ಯವಸ್ಥೆಯ ನಿಖರತೆಯನ್ನು ಜನಸಾಮಾನ್ಯರ ಮಟ್ಟಿಗೆ ಬೇಕೆಂದೇ ಕುಂದಿಸಿಡಲಾಗಿತ್ತು. 2000ದ ಮೇ ತಿಂಗಳಲ್ಲಿ ಆ ತಡೆ ನೀಗಿತು.

ಇಲ್ಲಿ ಗುಜರಾತಿನ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೊಂದಿದೆ. ನಮ್ಮ ದೇಶದ್ದೇ ಆದ ‘ನಾವಿಕ್’ ವ್ಯವಸ್ಥೆಗಾಗಿ 2023ರ ಮೇ 29ರಂದು ಹಾರಿಸಿದ ಉಪಗ್ರಹದಲ್ಲಿದ್ದ ಸ್ವದೇಶಿ ಪರಮಾಣು ಗಡಿಯಾರವು ಸಿದ್ಧವಾದುದು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿ. ಆ ವ್ಯವಸ್ಥೆಯ ಸಂಚಾಲನ ಕೇಂದ್ರವು 2013ರಿಂದ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, 1984ರಿಂದ 1994ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದ ಯು. ಆರ್. ರಾವ್ ಅವರು ತಾರುಣ್ಯದಲ್ಲಿ ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿದುದೂ ಅಹಮದಾಬಾದಿನಲ್ಲಿಯೇ. ಈ ಎರಡು ನಾಡುಗಳ ನಡುವಣ ದಾರಿ ಆಕಾಶದಲ್ಲಿಯೂ ಹಾದುಹೋಗಿದೆಯೆಂದರೆ ಉತ್ಪ್ರೇಕ್ಷೆಯಾಗದು.

ಆದರೆ ಈ ಮೊದಲನೆಯ ತಿಳಿವಳಿಕೆಗೂ ಬಯಲು ಆಕಾಶ ಬೇಕು. ಅಹಮದಾಬಾದಿನ ಹಳೆಯ ಊರಿನ ಪೋಳ್‌ಗಳಲ್ಲಿ, ಒತ್ತಾಗಿ ನಿಂತ ಎತ್ತರದ ಮನೆಗಳ ಗೋಡೆಗೆ ಸಂಕೇತಗಳು ಬಡಿದು ಮರಳುವುದರಿಂದ ಯಂತ್ರವು ನಮ್ಮನ್ನು ಪಕ್ಕದ ಗಲ್ಲಿಯಲ್ಲಿ ನಿಲ್ಲಿಸುವುದುಂಟು. ಯುನೆಸ್ಕೋ 2017ರಲ್ಲಿ ವಿಶ್ವಪರಂಪರೆಯ ನಗರವೆಂದು ಮನ್ನಿಸಿದ ಆ ಊರಿನಲ್ಲಿ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋ ಎಲ್ಲಿದೆಯೆಂದು ಕೇಳಿಕೊಂಡು ಹೋಗುವವನೇ ಬೇಗ ಮನೆ ಸೇರುತ್ತಾನೆ.

ಎರಡನೆಯ ತಿಳಿವಳಿಕೆ ನಕ್ಷೆಯದು. ಅದು ಆಕಾಶದಿಂದ ಇಳಿದುದಲ್ಲ, ಮನುಷ್ಯರು ಕೂಡಿಸಿದುದು. ಯಾರಾದರೂ ತಿದ್ದುವವರೆಗೆ ಅದು ನಿನ್ನೆಯ ಲೋಕವನ್ನೇ ತೋರಿಸುತ್ತದೆ. ಉತ್ತರಪ್ರದೇಶದಲ್ಲಿ ರಾಮಗಂಗಾ ನದಿಯ ಸೇತುವೆಯೊಂದರ ಭಾಗ 2022ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. 2024ರ ನವೆಂಬರಿನಲ್ಲಿ ಯಂತ್ರದ ಮಾತು ಕೇಳಿ ಬಂದ ಕಾರು ಅದೇ ಸೇತುವೆಯಿಂದ ಕೆಳಗುರುಳಿ ಮೂವರು ಮಡಿದರು. ನಮ್ಮ ವಡೋದರಾ ಮತ್ತು ಆಣಂದ್ ಜಿಲ್ಲೆಗಳನ್ನು ಜೋಡಿಸುತ್ತಿದ್ದ ಮಹೀ ನದಿಯ ಗಂಭೀರಾ ಸೇತುವೆ 2025ರ ಜುಲೈ 9ರ ಬೆಳಿಗ್ಗೆ ಮುರಿದು ಬಿದ್ದು ಇಪ್ಪತ್ತಕ್ಕೆ ಕಡಮೆಯಿಲ್ಲದಷ್ಟು ಜನ ಪ್ರಾಣ ಕಳೆದುಕೊಂಡುದನ್ನು ಯಾರು ಮರೆತಾರು? ಅಲ್ಲಿ ತಪ್ಪು ಯಂತ್ರದ್ದಲ್ಲ. ಆದರೂ ಯಾರಾದರೂ ಹೇಳುವ ತನಕ ಯಾವ ನಕ್ಷೆಗೂ ಅದು ತಿಳಿಯುವಂತಿರಲಿಲ್ಲ ಎಂಬುದನ್ನು ನಾವು ಲಕ್ಷ್ಯದಲ್ಲಿಡಬೇಕು.

ಮೂರನೆಯದು ಲೆಕ್ಕಾಚಾರ. ಯಾವ ದಾರಿಯಲ್ಲಿ ಕಾಲ ಉಳಿಯುತ್ತದೆ ಎಂಬುದೇ ಅದರ ಮುಖ್ಯ ಎಣಿಕೆ. ಮೋಟಾರಿನಲ್ಲಿ ಮುದುಕಿಯೊಬ್ಬಳು ಇದ್ದಾಳೆ, ಕತ್ತಲಾಗುತ್ತಿದೆ, ನಿನ್ನೆ ರಾತ್ರಿ ಮೇಲ್ನಾಡಿನಲ್ಲಿ ಮಳೆ ಸುರಿದಿದೆ ಎಂಬ ವಿವೇಚನೆ ಆ ಎಣಿಕೆಯೊಳಗೆ ಬರುವುದಿಲ್ಲ. 2024ರ ಡಿಸೆಂಬರಿನಲ್ಲಿ ಗೋವೆಗೆ ಹೊರಟಿದ್ದ ಬಿಹಾರದ ಕುಟುಂಬವೊಂದು ಹೀಗೆಯೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನೊಳಗೆ ನುಗ್ಗಿ, ಮೊಬೈಲಿನ ಸಂಪರ್ಕವೂ ಇಲ್ಲದೆ ರಾತ್ರಿಯೆಲ್ಲ ಕಾರಿನಲ್ಲಿ ಕಳೆಯಿತು. ಬೆಳಗಾದ ಮೇಲೆ ಕೆಲವು ಕಿಲೋಮೀಟರು ನಡೆದು, ಸಂಪರ್ಕ ಸಿಕ್ಕಿದ ಕಡೆಯಿಂದ 112ಕ್ಕೆ ಕರೆಮಾಡಿದಾಗ ಪೊಲೀಸರು ಬಂದು ಹೊರತಂದರು. ಅದೇ ವರ್ಷದ ಜೂನಿನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಕರ್ನಾಟಕದ ಆಸ್ಪತ್ರೆಗೆಂದು ನಸುಕಿನಲ್ಲಿ ಹೊರಟ ಇಬ್ಬರು ತರುಣರ ಕಾರು ನೀರು ಹರಿಯುತ್ತಿದ್ದ ಸೇತುವೆಯಿಂದ ಹೊಳೆಗೆ ಜಾರಿತು. ಮರಕ್ಕೆ ತಗುಲಿ ನಿಂತುದರಿಂದ ಅವರು ಬದುಕಿದರು. ಅಗ್ನಿಶಾಮಕ ದಳದವರು ಹಗ್ಗದಿಂದ ಎಳೆದುಕೊಂಡರು. ಅವರನ್ನು ತಡೆಯಲು ಆ ಹೊತ್ತಿನಲ್ಲಿ ಅಲ್ಲಿ ಎಮ್ಮೆ ಕಾಯುವವನಿರಲಿಲ್ಲ.

ಈ ಮೂರೂ ತಿಳಿವಳಿಕೆಗಳು ಒಂದೇ ಕಂಠದಿಂದ, ಒಂದೇ ಧೈರ್ಯದಿಂದ ಬರುವುದರಲ್ಲಿಯೇ ಅಪಾಯವಿದೆ. ದಾರಿಹೋಕನನ್ನು ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಾನೆ, “ಹೋಗಬಹುದು, ಆದರೆ ಮಳೆಯಾಗಿದೆಯಲ್ಲ” ಎಂದು ಅನುಮಾನಿಸುತ್ತಾನೆ. ಆ ಅನುಮಾನವೇ ನಮಗೆ ಬೇಕಾದ ತಿಳಿವಳಿಕೆ. ಯಂತ್ರಕ್ಕೆ ಅನುಮಾನಿಸುವ ಕಂಠವಿಲ್ಲ.

ಆದಕಾರಣ ಹಬ್ಬ ಹುಣ್ಣಿಮೆಗಳಿಗೆ, ಮದುವೆ ಮುಂಜಿಗಳಿಗೆ ಸಂಸಾರಸಮೇತ ಹೊರಡುವ ನಮ್ಮ ವಾಚಕರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಹೊರಡುವ ಮುನ್ನ ನಕ್ಷೆಯನ್ನು ಯಂತ್ರದೊಳಗೆ ಇಳಿಸಿಟ್ಟುಕೊಳ್ಳಿ; ಸಂಪರ್ಕ ತಪ್ಪಿದಾಗ ಅದು ಒದಗುತ್ತದೆ. ಮಳೆಗಾಲದಲ್ಲಿಯೂ ರಾತ್ರಿಯಲ್ಲಿಯೂ ಕೆಲವು ನಿಮಿಷಗಳ ಆಸೆಗೆ ಹೆದ್ದಾರಿಯನ್ನು ಬಿಡಬೇಡಿ. ಅಹಮದಾಬಾದು ವಡೋದರಾಗಳ ನಡುವೆ 93 ಕಿಲೋಮೀಟರಿನ ವೇಗಮಾರ್ಗವಿರುವಾಗ ಊರೊಳಗಣ ಅಡ್ಡದಾರಿಗಳ ಹಂಗೇಕೆ? ರಸ್ತೆಯ ಮೇಲೆ ನೀರು ಹರಿಯುವುದು ಕಂಡರೆ, ಯಂತ್ರ ಏನೇ ಹೇಳಲಿ, ನಿಲ್ಲಿ. ಎದುರಿನಿಂದ ಒಂದು ವಾಹನವೂ ಬಾರದ ದಾರಿಯನ್ನು ಶಂಕಿಸಿ.

ಎಲ್ಲಕ್ಕೂ ಮಿಗಿಲಾಗಿ, ಕೇಳುವುದನ್ನು ಮರೆಯಬೇಡಿ. ನಮ್ಮ ಹಿರಿಯರು ದಾರಿ ಕೇಳುತ್ತ ಕೇಳುತ್ತ ದಾರಿಯನ್ನಷ್ಟೇ ತಿಳಿದುಕೊಳ್ಳಲಿಲ್ಲ. ಈ ನಾಡಿನ ನುಡಿಯನ್ನು ಕಲಿತರು, ಗೆಳೆಯರನ್ನು ಸಂಪಾದಿಸಿದರು, ಪರನಾಡನ್ನು ನೆಲೆಮಾಡಿಕೊಂಡರು. ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲದ ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದರೂ ಈ ನಾಡಿಗೆ ಹೊರಗಿನವರಾಗಿ ಉಳಿದಾರೆಂಬ ಭೀತಿ ನಮಗಿದೆ. ಆ ದಿನ ನಮ್ಮ ಮಗನಿಗೆ ಮುದುಕನ ಮಾತು ಅರ್ಥವಾಗಿರಲಿಲ್ಲ. ಕೋಲು ಮಾತ್ರ ಅರ್ಥವಾಗಿತ್ತು. ಹಿಂತಿರುಗುವ ದಾರಿಯಲ್ಲಿ ಅವನು “ಪಾಛಾ ವಳೋ” ಎಂದರೇನೆಂದು ಎರಡು ಸಲ ಕೇಳಿ ತಿಳಿದುಕೊಂಡ. ವಡೋದರಾದಲ್ಲಿ ಚಹಕ್ಕೆ ನಿಂತಾಗ, ಯಂತ್ರ ಕೈಯಲ್ಲಿದ್ದರೂ, ಭರೂಚಿನ ಕಡೆಗೆ ರಸ್ತೆ ಹೇಗಿದೆಯೆಂದು ಅಂಗಡಿಯವನನ್ನು ಹೋಗಿ ಕೇಳಿ ಬಂದ. ತಾಯಿಯವರು ಏನೂ ಹೇಳದೆ ತಮ್ಮ ಪಾಲಿನ ಬಿಸ್ಕತ್ತನ್ನು ಅವನ ಕೈಗಿಟ್ಟರು.

ವಾಚಕರೆಲ್ಲರ ಪ್ರಯಾಣವೂ ಸುಖಕರವಾಗಲಿ.