ಹಿರೇಹಳ್ಳದ ಮೀನಿಗೊಂದು ಚೀಟಿ

ಕಿನ್ನಾಳದ ಗೊಂಬೆಗೆ ಬಣ್ಣ ಬಳಿಯುವುದು ಕೊನೆಗೆ. ಇಲ್ಲಿನ ಹಿರೇಹಳ್ಳ ಜಲಾಶಯದ ಮೀನು ದಾಖಲಿಸುವಾಗ ಬಣ್ಣವೇ ಮೊದಲು! ಯಾಕೆ?

ಮೀನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಬಿದ್ದರೆ ಅದರ ಬಣ್ಣ ಮಾಸುತ್ತದೆ. ಅದಕ್ಕೇ ಹಸಿ ಮೀನಿನ ಎಡಮೈ ಕಾಣುವಂತೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೀಬೇಕು. ಡಿಎನ್‌ಎ ಪರೀಕ್ಷೆಗೆ ಬಲಬದಿಯ ರೆಕ್ಕೆಯ ಚೂರು ಆಲ್ಕೋಹಾಲಿಗೆ. ಆಮೇಲೆ ಮೀನು ಶೇ 10ರ ಫಾರ್ಮಲಿನ್‌ಗೆ. ದೊಡ್ಡದಾದರೆ ಹೊಟ್ಟೆಗೂ ಇಂಜೆಕ್ಷನ್.

ಚೀಟಿ ಮೀನಿಟ್ಟ ಬಾಟಲಿಯ ಒಳಗೇ ಇರಲಿ: ಜಾಗ, ದಿನಾಂಕ, ಬಲೆ, ಹಿಡಿದವರ ಹೆಸರು. ಮೀನುಗಾರರು ಕರೆಯುವ ಹೆಸರೂ ಬೇಕು. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಕರಗುತ್ತದೆ.

ಹಿರೇಹಳ್ಳ ಸೇರುವ ತುಂಗಭದ್ರೆಯಲ್ಲಿ ಈಗ ಗಂಗೆಯ ಕಡೆಯ ಕಾಟ್ಲಾ, ರೋಹುಗಳೂ ಇವೆ. ಹಾಗಾದರೆ ನಮ್ಮ ನೀರಿನ ಮೂಲ ಮೀನುಗಳು ಯಾವುವು, ಎಲ್ಲಿದ್ದವು? ನಾಳೆ ಸಾಕ್ಷಿ ಹೇಳುವುದು ಈ ಬಾಟಲಿ. ಚೀಟಿಯಿಲ್ಲದ ಮೀನು ವಿಜ್ಞಾನದ ಲೆಕ್ಕಕ್ಕೇ ಬರುವುದಿಲ್ಲ!